ನಯಾಜ್ ಭಾಯ್ ಆರಿಸಿಕೊಟ್ಟ ಸರ್ವರ್

ನನ್ನ ಮೊಮ್ಮಗಳು ಮಮತಾ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್! ಹುಟ್ಟಿನಿಂದ ಕಣ್ಣು ಕಾಣದ ಕೂಸು. ಬೆಳಗಿನಿಂದ ನನ್ನ ಕಾಲು ನೆಲಕ್ಕೆ ತಾಗಿಲ್ಲ. ಆದರೆ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಪೆನ್ನು ಹಿಡಿದಿರುವುದು ಶಿವಾಜಿನಗರದ ನಯಾಜ್ ಭಾಯ್‌ಗಾಗಿ.

ಕೆ.ಆರ್. ಪುರದ ನಮ್ಮ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದವರು ಅವರವರ ಮನೆಯಲ್ಲೇ ಮಮತಾಳ ಪಾಠಗಳನ್ನು ಓದಿ ಕಂಪ್ಯೂಟರಿಗೆ ತುಂಬುತ್ತಿದ್ದರು. ಆ ದನಿಗಳೆಲ್ಲ ತಂತಿಯಲ್ಲಿ ಬಂದು ನಮ್ಮ ಮನೆಯಲ್ಲಿ ಸೇರಲು ಹಗಲೂ ರಾತ್ರಿ ಆರದ ಒಂದು ಯಂತ್ರ ಬೇಕಿತ್ತು. ಸರ್ವರ್ ಅನ್ನುತ್ತಾರೆ.

ಭಾಯ್ ಹಳೆಯ ಕಂಪ್ಯೂಟರ್ ಸಾಮಾನು ಮಾರುವವರು. ನನ್ನ ಮಗ ರವಿ ಎಲ್ಲಕ್ಕಿಂತ ವೇಗದ ಪ್ರೊಸೆಸರ್ ಕೇಳಿದ. ಅವರು ತೆಗೆದೇ ತೋರಿಸಲಿಲ್ಲ.

"ಎಲ್ಲಿ ಇಡ್ತೀರಿ ಇದನ್ನ?"

"ಮಗಳ ಮಂಚದ ಪಕ್ಕ."

"ಅರೆ ಸಾಹೇಬ್ರೆ! ಜೋರಾಗಿ ಓಡೋದು ಬಿಸಿಯಾಗುತ್ತೆ, ಫ್ಯಾನು ಗೊರ್ ಅನ್ನುತ್ತೆ. ಮಗು ಪಾಠ ಕೇಳ್ಬೇಕಾ, ಫ್ಯಾನ್ ಕೇಳ್ಬೇಕಾ? ನಿಮಗೆ ರೇಸ್ ಕುದುರೆ ಬೇಡ, ಗಾಣದ ಎತ್ತು ಬೇಕು."

ಪಾಠ ಕೂಡಿಡುವ ಡಿಸ್ಕುಗಳನ್ನು ಅವರು ಚಾಲೂ ಮಾಡಿ, ಕಣ್ಣು ಮುಚ್ಚಿ, ಕಿವಿಗೆ ಹಿಡಿದು ಆರಿಸುತ್ತಿದ್ದರು. ಆಗ ಬೀದಿಯ ಆಟೋದವರನ್ನೂ "ಚುಪ್!" ಎಂದು ಗದರುವರು. ಹಾಗೆ ಅವರು ಪಾಸು ಮಾಡಿದ ಒಂದನ್ನು ನಮ್ಮ ಜೊತೆ ಬಂದಿದ್ದ ಮಮತಾ ಕಿವಿಗಿಟ್ಟುಕೊಂಡಳು.

"ಭಾಯ್ ತಾತಾ, ಒಳಗೆ ಏನೋ ಟಿಕ್ ಅಂತಿದೆ."

ಅವರು ಮತ್ತೆ ಕೇಳಿದರು. ಬಹಳ ಹೊತ್ತು ಕೇಳಿದರು. ಅದನ್ನು ಪಕ್ಕಕ್ಕಿಟ್ಟು, "ಇವತ್ತಿಂದ ನೀನು ಉಸ್ತಾದ್, ನಾನು ಚೇಲಾ" ಎಂದು ಅವಳ ತಲೆ ಸವರಿದರು. ಕೊನೆಗೆ ದೊಡ್ಡ ಡಿಸ್ಕ್ ಒಂದರ ಬದಲು ಚಿಕ್ಕವು ಎರಡನ್ನು ಕೊಟ್ಟರು.

"ಒಂದೇ ಪಾಠ ಎರಡರಲ್ಲೂ ಕೂತಿರ್ಲಿ. ನಾನು ಆರಿಸಿದ್ದೂ ಒಂದಿನ ಸಾಯುತ್ತೆ ಅಮ್ಮಾ."

ಪರೀಕ್ಷೆಗೆ ಒಂದು ವಾರ ಇರುವಾಗ ಒಂದು ಸತ್ತೇ ಹೋಯಿತು. ಆದರೆ ಇನ್ನೊಂದು ಡಿಸ್ಕಿನಲ್ಲಿ ಎರಡು ವರ್ಷದ ಪಾಠ ಒಂದಕ್ಷರ ಹೋಗದೆ ಉಳಿದಿತ್ತು.

ಇಂದು ರಿಸಲ್ಟ್ ಬಂದೊಡನೆ ಪೇಡ ಹಿಡಿದು ಅವರ ಅಂಗಡಿಗೆ ಓಡಿದೆ. ಗಲ್ಲಾದಲ್ಲಿ ಅವರ ತಮ್ಮ ಕೂತಿದ್ದರು. "ಅಣ್ಣ ರಂಜಾನ್ ಮುಗಿದ ಮೇಲೆ ತೀರ್ಕೊಂಡ್ಬಿಟ್ರು ಅಮ್ಮಾ" ಎಂದರು. ಡಬ್ಬ ಅವರ ಕೈಗಿಟ್ಟೆ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಸೊಸೆ ಪಾಯಸ ಬಡಿಸುತ್ತಿದ್ದಳು.

"ಅಜ್ಜಿ, ಭಾಯ್ ತಾತನ ಮುಖ ಹೇಗಿತ್ತು?" ಎಂದಳು ಮಮತಾ.

"ಮೆಹಂದಿ ಹಚ್ಚಿದ ಗಡ್ಡ ಕಣೇ, ಕೆಂಪಗೆ. ಮೂಗು ಸ್ವಲ್ಪ ದಪ್ಪ..."

"ಬೈಯುವಾಗ ಇನ್ನೂ ಚೆನ್ನಾಗಿ ಕಾಣ್ತಿದ್ರು" ಎಂದ ರವಿ.

ಎಲ್ಲರೂ ನಕ್ಕರು. ನಾನು ಹೇಳುತ್ತಾ ಹೋದೆ, ಮಮತಾ ಕೇಳುತ್ತಾ ಹೋದಳು. ತಟ್ಟೆಯ ಮೇಲೆ ಕೈ ಒಣಗಿದರೂ ಯಾರೂ ಏಳಲಿಲ್ಲ.