ನಮ್ಮವರಿಗೊಂದು ಬಿಲ್ಲು

ನನಗೊಂದು ದುರಭ್ಯಾಸವಿತ್ತು. ಮರಾಠಿಯಲ್ಲಿ ಕೆಲಸ ಹೇಳಿದವರಿಗೆ ಕೆಲಸ ಮುಗಿದ ದಿನವೇ ಬಿಲ್ಲು ಕಳಿಸುತ್ತಿದ್ದೆ. ಕನ್ನಡದಲ್ಲಿ ಹೇಳಿದವರಿಗೆ ಮಾತ್ರ "ಇರಲಿ ತಗೋರಿ, ಎಲ್ಲಿ ಹೋಗ್ತದ" ಅನ್ನುತ್ತಿದ್ದೆ. ಆ ರೊಕ್ಕ ಎಲ್ಲಿಗೂ ಹೋಗುತ್ತಿರಲಿಲ್ಲ, ನನ್ನ ಹತ್ತಿರ ಬರುತ್ತಲೂ ಇರಲಿಲ್ಲ.

ನಾನು ಕಲಬುರಗಿಯವಳು. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಲ್ಲಿ ಮನೆಯ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಅಂಗಡಿ ಬೋರ್ಡು, ಮೆನು ಕಾರ್ಡು, ಡಬ್ಬಿಗೆ ಹಚ್ಚುವ ಲೇಬಲ್ಲು ಇವನ್ನೆಲ್ಲ ವಿನ್ಯಾಸ ಮಾಡಿಕೊಡುತ್ತೇನೆ. ಪಿಂಪಳಗಾಂವದ ದ್ರಾಕ್ಷಿ ವ್ಯಾಪಾರಿಯೊಬ್ಬರಿಗೆ ನಾನು ಕಳಿಸುವ ಬಿಲ್ಲು ನೋಡಬೇಕು ನೀವು. ನಂಬರು, ತಾರೀಖು, ಯಾವ ಕೆಲಸ, ಎಷ್ಟು ಸಲ ತಿದ್ದಿದ್ದು, ಎಷ್ಟು ದಿನದೊಳಗೆ ಹಣ, ಯಾವ ಬ್ಯಾಂಕಿನ ಖಾತೆಗೆ, ಎಲ್ಲ ಇರುತ್ತದೆ. ಯಾವ ವಕೀಲರೂ ಅದರಲ್ಲಿ ಹುಳುಕು ತೆಗೆಯಲಾರರು. ಅಂಥ ನಾನು, "ನೀವು ಕನ್ನಡದವರೇನ್ರಿ?" ಅಂತ ಯಾರಾದರೂ ಕೇಳಿದ ಕೂಡಲೇ ಬೆಣ್ಣೆಯ ಹಾಗೆ ಕರಗುತ್ತಿದ್ದೆ. ನಮ್ಮವರ ಹತ್ತಿರ ರೊಕ್ಕ ಕೇಳುವುದು ಹ್ಯಾಂಗ? ನಮ್ಮ ಕಡೆ ಕಾಯಕ ಅಂತ ದೊಡ್ಡ ಮಾತಿದೆ. ಆದರೆ ಕಾಯಕಕ್ಕೆ ಬಿಲ್ಲು ಮಾಡಬೇಡ ಅಂತ ಯಾವ ಶರಣರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಅದು ನನ್ನದೇ ಸೇರ್ಪಡೆ.

ನಮ್ಮ ಬೀದಿಯ ಹೋಟೆಲಿನ ಭಟ್ಟರು ಕುಂದಾಪುರದ ಕಡೆಯವರು. ಹೋದ ವರ್ಷ ಅವರ ಮೆನು ಕಾರ್ಡು, ಬೋರ್ಡು ಎಲ್ಲ ನಾನೇ ಮಾಡಿದ್ದೆ. ಅವರು ಎರಡು ಸಲ "ಎಷ್ಟಾಯ್ತು?" ಅಂದರು, ನಾನು ಎರಡು ಸಲವೂ "ಇರಲಿ ತಗೋರಿ" ಅಂದೆ. ಆಮೇಲೆ ಅವರು ಕೇಳಲಿಲ್ಲ. ನಾನು ಒಳಗೊಳಗೇ ಕುದಿಯತೊಡಗಿದೆ. ನಾನು ಕೇಳಬಾರದು, ಅವರು ಕೊಡಬೇಕು ಅನ್ನುವುದು ನನ್ನ ಆಸೆ. ಅದಕ್ಕೆ ಸ್ವಾಭಿಮಾನ ಅಂತ ಬೇರೆ ಹೆಸರಿಟ್ಟುಕೊಂಡಿದ್ದೆ.

ಈಚೆಗೆ ಭಟ್ಟರು ನಾಸಿಕದಲ್ಲಿ ಎರಡನೇ ಹೋಟೆಲು ತೆಗೆಯುವ ಸುದ್ದಿ ಬಂತು. ಆ ಕೆಲಸ ಸಿಕ್ಕರೆ ನನಗೆ ಆರು ತಿಂಗಳ ನೆಮ್ಮದಿ. ಸಿಗದಿದ್ದರೆ ಮೇಜು ಖಾಲಿ ಮಾಡಿ, ಹತ್ತಿರದ ಬಿಡಕಿನ್‌ನ ಕಾರ್ಖಾನೆಯೊಂದರಲ್ಲಿ ಕರೆದಿದ್ದ ನೌಕರಿಗೆ ಹೂಂ ಅನ್ನಬೇಕಿತ್ತು. ದೋಸೆಯ ನೆಪ ಮಾಡಿಕೊಂಡು ಹೋದೆ. ನೋಡಿದರೆ ಗಲ್ಲಾದ ಮೇಲೆ ಬೇರೆ ಯಾರೋ ಮಾಡಿಕೊಟ್ಟ ಬೋರ್ಡಿನ ನಮೂನೆ ಬಿದ್ದಿತ್ತು. ಹೊಟ್ಟೆ ಉರಿಯಿತು. ಅಕ್ಷರಗಳೂ ಸೊಟ್ಟಗಿದ್ದವು ಅಂತ ಹೇಳಿದರೆ ನೀವು ನಂಬಲಿಕ್ಕಿಲ್ಲ, ಬಿಡಿ.

"ಭಟ್ಟರ, ನನ್ನ ಕೆಲಸ ಪಸಂದ್ ಬರಲಿಲ್ಲೇನ್ರಿ?" ಅಂತ ಕೇಳಿಯೇಬಿಟ್ಟೆ.

"ಕೆಲಸ ಚಂದ ಇತ್ತು ಮಾರಾಯ್ರೆ. ಆದ್ರೆ ಹಳೇದಕ್ಕೇ ನೀವು ಬಿಲ್ಲು ಕೊಡ್ಲಿಲ್ಲ. ಹೊಸದನ್ನು ಯಾವ ಮುಖ ಇಟ್ಕೊಂಡು ಹೇಳುದು?" ಅಂದರು ಭಟ್ಟರು.

ಇಡೀ ವರ್ಷ ನಾನು ಅವರ ಮೇಲೆ ಮುನಿಸಿಕೊಂಡಿದ್ದೆ, ಅವರು ನನ್ನ ಮುಂದೆ ಸಂಕೋಚಪಟ್ಟುಕೊಂಡಿದ್ದರು. ಅಷ್ಟರಲ್ಲಿ ಭಟ್ಟರು ನನ್ನ ದೋಸೆ, ಕಾಫಿಯ ಬಿಲ್ಲನ್ನು ಮುಂದಿಟ್ಟು, "ನೀವೂ ಕನ್ನಡದವರೇ, ನಾನು ದಿನಾ ಬಿಲ್ಲು ಕೊಡುದಿಲ್ವಾ? ನೀವು ಬರುದು ಬಿಟ್ರಾ?" ಅಂದರು.

ಬಿಟ್ಟಿರಲಿಲ್ಲ. ದೋಸೆ ಅಷ್ಟು ಚಲೋ ಇರುತ್ತದೆ.

ಮನೆಗೆ ಬಂದವಳೇ ಹೋದ ವರ್ಷದ ಕೆಲಸದ ಬಿಲ್ಲು ಮಾಡಲು ಕೂತೆ. ಪೂರ್ತಿ ದರ ಬರೆದೆ. ಅದರ ಕೆಳಗೆ, "ನಮ್ಮವರೆಂದು ಬಿಟ್ಟದ್ದು, ನೂರಕ್ಕೆ ಹತ್ತು" ಅಂತ ಇನ್ನೊಂದು ಸಾಲು ಸೇರಿಸಿ ಭಟ್ಟರಿಗೆ ಕಳಿಸಿದೆ. ಸ್ವಂತ ಕೆಲಸ ಮಾಡುವವರಿಗೆಲ್ಲ ಈಗ ನಾನು ಧೈರ್ಯವಾಗಿ ಹೇಳುವ ಮಾತು ಇದೊಂದೇ: ಬಿಡುವುದಿದ್ದರೆ ಬರೆದು ಬಿಡಿ. ನಿಮ್ಮ ದರವೇ ಗೊತ್ತಿಲ್ಲದವರಿಗೆ ನೀವು ಬಿಟ್ಟದ್ದೆಷ್ಟು ಅಂತ ಹೇಗೆ ಗೊತ್ತಾಗಬೇಕು?

ನಾಲ್ಕನೇ ದಿನ ಹಣ ಬಂತು. ಅದರ ಬೆನ್ನಿಗೇ ನಾಸಿಕದ ಬೋರ್ಡಿನ ಅಳತೆಯೂ ಬಂತು. ಮರುದಿನ ದೋಸೆ ತಿಂದು, ಕಾಫಿ ಕುಡಿದು, ಬಿಲ್ಲಿಗೆ ಕೈ ಚಾಚಿದೆ. ದೋಸೆಗೆ ಪೂರ್ತಿ ದುಡ್ಡು ಹಾಕಿದ್ದರು. ಕಾಫಿಯ ದರದ ಮೇಲೆ ಪೆನ್ನಿನಿಂದ ಗೀಟೆಳೆದು, ಪಕ್ಕದಲ್ಲಿ "ನಮ್ಮವರು" ಅಂತ ಬರೆದಿದ್ದರು.