ಫೆಬ್ರವರಿ ಮೂವತ್ತರ ಪಟ್ಟಿ

ತೆಲಂಗಾಣದ ಗಡಿಯೂರು ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಶಿವಶಂಕರಪ್ಪನವರ ಪ್ರಿಂಟಿಂಗ್ ಅಂಗಡಿ ಇದೆ. ಅಲ್ಲಿನ ಕಂಪ್ಯೂಟರಿನ ಮುಂದೆ ಹದಿನಾಲ್ಕು ವರ್ಷಗಳಿಂದ ಕೂತವಳು ಅವರ ಅಣ್ಣನ ಮಗಳು ಶಿವಗಂಗಾ. ಒಂದೇ ಫ್ಲೆಕ್ಸಿನಲ್ಲಿ ತೆಲುಗು, ಕನ್ನಡ, ಉರ್ದು ಮೂರನ್ನೂ ಜಗಳವಿಲ್ಲದೆ ಕೂರಿಸುವ ಕೈ ಅವಳದು. ಮದುವೆ ಕಾರ್ಡಿನ ಅಂಚಿನ ಬಳ್ಳಿ ಎಲ್ಲಿ ನಿಲ್ಲಬೇಕು, ಸತ್ತವರ ಫೋಟೋದ ಹಿಂದೆ ಯಾವ ಬಣ್ಣ ಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಫ್ಲೆಕ್ಸಿನ ಆಯುಷ್ಯ ಎಂಟು ದಿನ. ಒಂಬತ್ತನೆಯ ದಿನ ಅದು ಯಾರದೋ ಕೊಟ್ಟಿಗೆಯ ಮೇಲೆ ಹೊದಿಕೆ. ಮೂವತ್ತನಾಲ್ಕರ ವಯಸ್ಸಿನಲ್ಲಿ ಅವಳಿಗೆ ಇನ್ನೂ ಸ್ವಲ್ಪ ಬಾಳಿಕೆ ಬರುವ ಕೆಲಸ ಮಾಡಬೇಕೆಂಬ ಆಸೆ ಇತ್ತು.

ಹಾಗಾಗಿ ಸುನೀಲ್ ಎಂಬವನು ಬಂದು, ವೆಬ್‌ಸೈಟಿನ ಪುಟಗಳು ಹೇಗಿರಬೇಕು ಎಂದು ಮೊದಲು ಬರೆದು ತೋರಿಸುವವರು ಬೇಕು ಎಂದಾಗ ಅವಳು ಕಾಕಾನನ್ನು ಕೇಳದೆಯೇ ಒಪ್ಪಿಕೊಂಡಳು.

ಸುನೀಲ್ ತಾಂಡೂರಿನವನು ಎಂದು ಹೇಳಿಕೊಂಡ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ಮಾತು. "ಜಮೀನಿನ ಸಲಹೆ ಕೊಡೋ ಕಂಪನಿರಿ ನಮ್ದು," ಎಂದ. "ರೈತರು ಸರ್ವೆ ನಂಬರ್ ಹೊಡದರ ಅವರ ಹೊಲದ ಪೂರಾ ಮಾಹಿತಿ ಕಾಣಬೇಕು. ಖರೇ ವೆಬ್‌ಸೈಟ್ ಹೈದರಾಬಾದಿನವರು ಮಾಡ್ತಾರ. ನೀವು ನಮೂನಿ ಅಷ್ಟ ಮಾಡ್ರಿ."

ಯಾವ ಸಾಫ್ಟ್‌ವೇರಿನಲ್ಲಿ ಮಾಡುವುದು ಎಂಬುದೇ ಮೊದಲ ಪ್ರಶ್ನೆಯಾಯಿತು. ಅವಳಿಗೆ ಗೊತ್ತಿದ್ದದ್ದು ಕೋರೆಲ್‌ಡ್ರಾ, ಫೋಟೋಶಾಪ್. ಎರಡರಲ್ಲೂ ಪುಟ ಚೆಂದ ಬರುತ್ತಿತ್ತು, ಆದರೆ ಅದು ಬರೀ ಚಿತ್ರ. ಗುಂಡಿ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಹುಡುಕಿದಾಗ ಬಾಲ್ಸಮಿಕ್ ಎಂಬುದು ಸಿಕ್ಕಿತು. ಅದರಲ್ಲಿ ಎಲ್ಲವೂ ಪೆನ್ಸಿಲಿನಲ್ಲಿ ಗೀಚಿದಂತೆ ಕಾಣುತ್ತದೆ. ನೋಡಿದವರು ಇದೇ ಕೊನೆಯ ರೂಪ ಎಂದು ತಪ್ಪು ತಿಳಿಯಬಾರದೆಂದೇ ಹಾಗೆ ಮಾಡಿದ್ದಾರೆ ಎಂದು ಓದಿ ಅವಳಿಗೆ ಅದು ಸರಿ ಅನ್ನಿಸಿತು. ಎರಡು ಪುಟ ಮಾಡಿ ತೋರಿಸಿದಳು.

ಸುನೀಲ್ ಬಹಳ ಹೊತ್ತು ನೋಡಿದ. "ಇದು ಚಿತ್ರ ಅಂತ ಕುರುಡನಿಗೂ ಗೊತ್ತಾಗ್ತದ ಅಕ್ಕಾ," ಎಂದ. "ನೋಡಿದವರಿಗೆ ಖರೇ ಅನ್ನಿಸಬೇಕು."

ಆ ಮಾತು ಆವತ್ತು ಅವಳಿಗೆ ಗಿರಾಕಿಯೊಬ್ಬನ ಅಭಿರುಚಿಯಂತೆ ಮಾತ್ರ ಕೇಳಿಸಿತು.

ಮೂರು ವಾರ ತೆಲುಗು ವೀಡಿಯೋಗಳನ್ನು ನೋಡಿ ಅವಳು ಫಿಗ್ಮಾ ಕಲಿತಳು. ಪುಟದಿಂದ ಪುಟಕ್ಕೆ ದಾರಿ ಹಾಕಬಹುದು, ಒತ್ತಿದರೆ ಗುಂಡಿ ಬಣ್ಣ ಬದಲಿಸುತ್ತದೆ, ಒಂದು ಲಿಂಕ್ ಕಳಿಸಿದರೆ ಎಲ್ಲಿ ಬೇಕಾದರೂ ತೆರೆಯುತ್ತದೆ. ಇಲ್ಲಿ ಏನಾದರೂ ತಿದ್ದಿದರೆ ಲಿಂಕ್ ತೆರೆದವರ ಪರದೆಯಲ್ಲೂ ತಾನಾಗಿ ತಿದ್ದಿಕೊಳ್ಳುತ್ತದೆ. ಒಂದೇ ಕೊರತೆಯೆಂದರೆ, ಅವಳು ಮಾಡಿದ್ದರಲ್ಲಿ ನಂಬರನ್ನು ನಿಜವಾಗಿ ಬರೆಯಲಾಗುತ್ತಿರಲಿಲ್ಲ. ನಂಬರಿನ ಚೌಕವನ್ನು ಮುಟ್ಟಿದರೆ ಅವಳು ಮೊದಲೇ ಕೂರಿಸಿದ ನಂಬರು ತಾನಾಗಿ ಮೂಡುತ್ತಿತ್ತು.

"ಅಷ್ಟ ಸಾಕು," ಎಂದ ಸುನೀಲ್.

ಮೊದಲು ಎರಡು ಫಲಿತಾಂಶದ ಪುಟ ಮಾಡಿದಳು. ಹಸಿರಿನದರಲ್ಲಿ 'ನಿಮ್ಮ ಜಮೀನಿಗೆ ಯಾವ ತೊಂದರೆಯೂ ಇಲ್ಲ' ಎಂದಿತ್ತು. ಕೆಂಪಿನದರಲ್ಲಿ 'ನಿಮ್ಮ ಜಮೀನು ಸ್ವಾಧೀನದ ಪಟ್ಟಿಯಲ್ಲಿದೆ' ಎಂದು. ಕೆಳಗೆ ತಾರೀಖು ಬೇಕಿತ್ತು. ನಮೂನೆ ನಮೂನೆಯಾಗಿಯೇ ಇರಲಿ, ನಿಜವಾದ ತಾರೀಖನ್ನು ಆಮೇಲೆ ಯಾರಾದರೂ ಹಾಕಲೇಬೇಕಾಗುತ್ತದೆ ಎಂದು ಬೇಕೆಂದೇ ಫೆಬ್ರವರಿ ಮೂವತ್ತು ಎಂದು ಹಾಕಿದಳು. ಸುನೀಲ್ ಅದನ್ನು ಗಮನಿಸಲಿಲ್ಲ.

ನಂತರದ ವಾರ ಅವನು ಒಂದು ಚೀಟಿ ತಂದ. ಅದರಲ್ಲಿ ಹನ್ನೊಂದು ಹೆಸರು, ಹನ್ನೊಂದು ಸರ್ವೆ ನಂಬರು, ಮನೂರ್ ಮತ್ತು ರಾಯಿಕೋಡ್ ಕಡೆಯ ಊರುಗಳು. ಒಬ್ಬೊಬ್ಬರಿಗೂ ಒಂದೊಂದು ಪುಟ ಬೇಕು ಎಂದ.

"ಎಲ್ಲಾ ಕೆಂಪೇನ್ರಿ?" ಎಂದು ಶಿವಗಂಗಾ ಕೇಳಿದಳು.

"ಹಸಿರು ಪುಟ ನೋಡಾಕ ಯಾರು ಬರ್ತಾರ ಅಕ್ಕಾ," ಎಂದು ಅವನು ನಕ್ಕ.

ಶಿವಗಂಗಾ ಚೀಟಿಯ ಹೆಸರುಗಳನ್ನು ಮತ್ತೊಮ್ಮೆ ಓದಿದಳು. ಒಂದು ಸಂಗತಿ ಅವಳಿಗೆ ಆಗಲೇ ಹೊಳೆದಿತ್ತು: ನಿಜವಾದ ವೆಬ್‌ಸೈಟು ಯಾವಾಗ ತಯಾರಾಗುತ್ತದೆ ಎಂಬ ಮಾತನ್ನು ಈ ಮನುಷ್ಯ ಒಮ್ಮೆಯೂ ಎತ್ತಿರಲಿಲ್ಲ. ಆದರೂ ಮಾಡಿಕೊಟ್ಟಳು. ಪುಟಗಳು ಅಷ್ಟು ಅಂದವಾಗಿ ಬರುತ್ತಿದ್ದವು. ಕೈ ನಿಲ್ಲಿಸಲು ಅವಳಿಗೆ ಮನಸ್ಸಾಗಲಿಲ್ಲ.

ತಿಂಗಳೊಪ್ಪತ್ತು ಕಳೆಯಿತು. ಒಂದು ಮಧ್ಯಾಹ್ನ ಮನೂರ್ ಕಡೆಯ ಹಳ್ಳಿಯಿಂದ ಕಲ್ಯಾಣಪ್ಪ ಎಂಬ ರೈತ, ಹೆಂಡತಿ ಶರಣಬಸಮ್ಮನೊಂದಿಗೆ ಅಂಗಡಿಗೆ ಬಂದ. ಕುರಿ ಸಾಕುವ ಮನೆತನ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ, ಹೊಲದ ಒಡೆತನದ ದಾಖಲೆಯಾದ ಪಟ್ಟಾ ಪಾಸ್‌ಬುಕ್.

"ಎರಡೆರಡು ಝೆರಾಕ್ಸ್ ತೆಗಿ ತಂಗಿ," ಎಂದ. "ನಾಳಿ ಹೊಲ ಬರೆದುಕೊಡೋದದ."

"ಮಾರಾಕತ್ತೀರೇನ್ರಿ?"

ಉತ್ತರ ಕೊಟ್ಟವಳು ಶರಣಬಸಮ್ಮ. "ಮಾರದಿದ್ರ ಹಂಗೇ ಹೋಗ್ತದಂತವ್ವಾ. ಸರಕಾರದ ಪಟ್ಟಿಯೊಳಗ ನಮ್ಮ ನಂಬರ್ ಬಂದದ. ಜಪ್ತಿ ಆಗೋದಕ್ಕಿಂತ ಮೊದಲ ಒಬ್ಬರು ತಗೋತೀವಿ ಅಂದಾರ. ಭಾಳ ಛಲೋ ಮನಷ್ಯಾ. ಬಿಳಿ ಅಂಗಿ ಹಾಕ್ಕೊಂಡು ಮನಿತನಕಾ ಬಂದಿದ್ದ."

ಶಿವಗಂಗಾ ಪಾಸ್‌ಬುಕ್ಕಿನ ಹಾಳೆ ತಿರುಗಿಸಿದಳು. ಆ ನಂಬರನ್ನು ಅವಳು ಬಲ್ಲಳು. ಚೀಟಿಯಲ್ಲಿ ನಾಲ್ಕನೆಯದು.

"ಪಟ್ಟಿ ನೀವೇ ನೋಡೀರೇನ್ರಿ?"

"ನೋಡೀವಲ್ಲ. ದೊಡ್ಡ ಫೋನಿನ್ಯಾಗ ತೋರಿಸಿದ," ಎಂದ ಕಲ್ಯಾಣಪ್ಪ. "ಅವ ನಂಬರ್ ಹೊಡದನೋ ಇಲ್ಲೋ, ಹಂಗ ಮುಟ್ಟಿದ ಕೂಡಲೇ ಬಂದುಬಿಡ್ತು. ಎಲ್ಲಾ ಕೆಂಪಗಾತು. ಈಕಿ ಅಲ್ಲೇ ಕೂತುಬಿಟ್ಟಳು. ನಮ್ಮ ಹೊಲದ್ದು ನಮಗಿಂತ ಮೊದಲ ಆ ಫೋನಿಗೆ ಗೊತ್ತಿತ್ತು ನೋಡು."

ಝೆರಾಕ್ಸ್ ಯಂತ್ರ ಹಾಳೆ ಹೊರಗೆ ಹಾಕಿ ನಿಂತಿತು. ಶಿವಗಂಗಾ ಅದನ್ನು ತೆಗೆಯಲಿಲ್ಲ. ಕಂಪ್ಯೂಟರಿನಲ್ಲಿ ಆ ಪುಟ ತೆರೆದು ಇಬ್ಬರನ್ನೂ ಹತ್ತಿರ ಕರೆದಳು.

"ಇದೇ ಏನ್ರಿ?"

"ಇದೇ ಇದೇ," ಎಂದಳು ಶರಣಬಸಮ್ಮ. ಮರುಕ್ಷಣ ಮುಖ ಬದಲಾಯಿತು. "ನಿನ್ನ ಹಂತ್ಯಾಕ ಹ್ಯಾಂಗ ಬಂತು?"

"ನಾನೇ ಮಾಡೀನ್ರಿ. ಇದು ಪಟ್ಟಿ ಅಲ್ಲ. ಚಿತ್ರ." ಅವಳು ಪುಟದ ಕೆಳಗೆ ಬೆರಳಿಟ್ಟಳು. "ತಾರೀಖು ನೋಡ್ರಿ. ಫೆಬ್ರವರಿ ಮೂವತ್ತು. ಅಂಥಾ ದಿನ ಎಲ್ಯಾರ ಅದ ಏನ್ರಿ?"

ಕಲ್ಯಾಣಪ್ಪ ತುಟಿ ಅಲುಗಿಸುತ್ತ ತೆಲುಗಿನ ಅಕ್ಷರಗಳನ್ನು ಓದಿದ. ಅವನು ಬೈಯಲಿಲ್ಲ. ಪಾಸ್‌ಬುಕ್ಕನ್ನು ಮತ್ತೆ ಚೀಲದಲ್ಲಿ ಸುತ್ತಿ ಎದೆಯ ಹತ್ತಿರ ಇಟ್ಟುಕೊಂಡ. "ಇನ್ನೂ ಎಷ್ಟು ಮಂದಿದು ಮಾಡಿದಿ ತಂಗಿ?" ಎಂದ.

"ಹನ್ನೊಂದು."

"ಅದರಾಗ ನಮ್ಮ ಕಡೆಯ ಮೂವರು ಆಗಲೇ ಬರಕೊಟ್ಟುಬಿಟ್ಟಾರ."

ಅವರಿಬ್ಬರೂ ಅಲ್ಲಿ ನಿಂತಿರುವಾಗಲೇ ಅವಳು ಹನ್ನೊಂದೂ ಪುಟಗಳನ್ನು ಅಳಿಸಿದಳು. ಅವುಗಳ ಜಾಗದಲ್ಲಿ ತೆಲುಗು ಮತ್ತು ಕನ್ನಡದಲ್ಲಿ, ಫ್ಲೆಕ್ಸಿಗೆ ಹಾಕುವಷ್ಟು ದಪ್ಪ ಅಕ್ಷರದಲ್ಲಿ ಬರೆದಳು: ಇದು ಬರೀ ಚಿತ್ರ. ಯಾರ ಜಮೀನೂ ಯಾವ ಪಟ್ಟಿಯಲ್ಲೂ ಇಲ್ಲ. ಸಹಿ ಹಾಕಬೇಡಿ.

ಆ ಸಂಜೆಯೇ, ರಾಯಿಕೋಡ್ ಹತ್ತಿರದ ಒಂದು ಊರಿನ ಕಟ್ಟೆಯ ಮೇಲೆ ಸುನೀಲ್ ಟ್ಯಾಬ್ ತೆರೆದು ಜನರ ಕಡೆ ತಿರುಗಿಸಿದನಂತೆ. ಓದು ಬಲ್ಲ ಒಬ್ಬಾಕೆ ಅಲ್ಲಿ ಮೂಡಿದ ದಪ್ಪ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳಂತೆ. ಗದ್ದಲವಾಗುವಷ್ಟರಲ್ಲಿ ಅವನು ಬೈಕ್ ಹತ್ತಿ ಹೋಗಿದ್ದ.

ಆಮೇಲೆ ಅವಳ ಫೋನ್ ಬಡಿಯಿತು. ಸುನೀಲನ ದನಿ ಎಂದಿನಂತೆ ಮೆತ್ತಗಿತ್ತು.

"ಅಕ್ಕಾ, ಕೆಲಸ ಛಲೋ ಮಾಡಿದ್ರಿ. ಒಂದು ಮಾತು ನೆನಪಿಡ್ರಿ. ನನ್ನ ಹೆಸರು ಯಾವ ಕಾಗದದಾಗೂ ಇಲ್ಲ, ಹೊಲ ಬರಸಕೊಂಡವರು ಬ್ಯಾರೇ ಮಂದಿ. ಆ ಫೈಲು ನಿಮ್ಮ ಹೆಸರಿನ್ಯಾಗ ಅದ. ಯಾರು ಮಾಡ್ಯಾರ ಅಂತ ಕೇಳಿದ್ರ ನಿಮ್ಮನ್ನೇ ತೋರಿಸ್ತದ. ನಿಮ್ಮ ಅಂಗಡಿ ಎಷ್ಟೊತ್ತಿಗೆ ತೆಗೀತೀರಿ, ನೀವು ಯಾವ ದಾರಿಲೆ ಮನಿಗೆ ಹೋಗ್ತೀರಿ ನನಗ ಗೊತ್ತದ."

ಶಿವಶಂಕರಪ್ಪನವರು ಎಲ್ಲವನ್ನೂ ಕೇಳಿ ಅಂಗಡಿಯ ಷಟರ್ ಅರ್ಧ ಎಳೆದರು. "ಎಲ್ಲಾ ಡಿಲೀಟ್ ಮಾಡು ಶಿವಗಂಗಾ. ಬುಡಸಹಿತ. ನಮಗೂ ಇದಕ್ಕೂ ಸಂಬಂಧ ಇಲ್ಲ."

"ಡಿಲೀಟ್ ಮಾಡಿದ್ರ ಆ ಮೂರು ಮಂದಿ ಮೋಸ ಆಗೇದಂತ ಏನ್ ತೋರಿಸಬೇಕು ಕಾಕಾ?"

"ಇಟ್ಟುಕೊಂಡ್ರ ನೀನು ಜೈಲಿಗೆ ಹೋಗ್ತಿ."

ಅವಳು ಇಟ್ಟುಕೊಂಡಳು. ಅವಳು ಅಳಿಸಿದ ಪುಟಗಳೂ ಸೇರಿ, ಯಾವ ದಿನ ಯಾವ ಪುಟ ಮಾಡಿದೆ, ಯಾವಾಗ ಬದಲಿಸಿದೆ ಎಂಬುದೆಲ್ಲ ಆ ಸಾಫ್ಟ್‌ವೇರಿನಲ್ಲಿ ಉಳಿದಿತ್ತು. ಅದನ್ನು ಒಂದೊಂದಾಗಿ ಪ್ರಿಂಟ್ ತೆಗೆದು, ಸುನೀಲನ ಚೀಟಿಯನ್ನೂ ಸೇರಿಸಿ, ಕಲ್ಯಾಣಪ್ಪನ ಜೊತೆ ಪೊಲೀಸ್ ಠಾಣೆಗೆ ಹೋದಳು. ಅಧಿಕಾರಿ ಹಾಳೆಗಳನ್ನು ತಿರುವಿ ನೋಡಿ, ಅವಳ ಹೆಸರು, ತಂದೆಯ ಹೆಸರು, ವಿಳಾಸ ಕೇಳಿ ಬರೆದುಕೊಂಡ.

"ಸಾಕ್ಷಿ ಅಂತ ಬರ್ಕೊಂಡೀನಿ," ಎಂದ. ಪೆನ್ನಿನ ಮುಚ್ಚಳ ಹಾಕುತ್ತ ಮತ್ತೊಂದು ಮಾತು ಸೇರಿಸಿದ: "ಸದ್ಯಕ್ಕ."

ಸುನೀಲನ ಫೋನು ಆ ದಿನದಿಂದ ಬಂದ್. ತಾಂಡೂರಿನಲ್ಲಿ ಆ ಹೆಸರಿನ, ಆ ಕಂಪನಿಯ ಯಾರೂ ಸಿಗಲಿಲ್ಲ. ಎರಡು ತಿಂಗಳ ಮೇಲೆ ಕಲ್ಹೇರ್ ಕಡೆಯಿಂದ ಒಂದು ಸುದ್ದಿ ಬಂತು. ಯಾರೋ ಮತ್ತೆ ಟ್ಯಾಬ್ ಹಿಡಿದು ಊರೂರು ತಿರುಗುತ್ತಿದ್ದಾರೆ, ಈ ಸಲ ಪುಟ ನೀಲಿ ಬಣ್ಣದ್ದು, ಅಕ್ಷರಗಳು ಬೇರೆ ಥರ. ಕಲ್ಯಾಣಪ್ಪ ಅದರ ಫೋಟೋ ತಂದು ತೋರಿಸಿದ. ಶಿವಗಂಗಾ ಅದನ್ನು ದೊಡ್ಡದು ಮಾಡಿ ನೋಡಿದಳು. ತಾರೀಖು ಸರಿಯಾಗಿತ್ತು. ಯಾವುದೋ ಊರಿನ ಯಾವುದೋ ಅಂಗಡಿಯಲ್ಲಿ ಇನ್ನೊಬ್ಬರು ಕೂತು ತನಗಿಂತ ಜಾಣತನದಿಂದ ಮಾಡಿಕೊಟ್ಟಿದ್ದಾರೆ.

ಹೊಲ ಬರೆದುಕೊಟ್ಟ ಮೂವರಲ್ಲಿ ಅಮೃತಬಾಯಿ ಒಬ್ಬಳು. ಗಂಡನಿಲ್ಲ, ಇದ್ದ ತೊಗರಿ ಹೊಲವೇ ಅವಳ ಬದುಕು. ಪಂಚನಾಮೆಯ ದಿನ ಪೊಲೀಸರು ಹೇಳಿಕಳಿಸಿದ್ದರಿಂದ ಶಿವಗಂಗಾ ಷೇರ್ ಆಟೋದಲ್ಲಿ ಆ ಊರಿಗೆ ಹೋದಳು. ಬರೆಸಿಕೊಂಡವರು ಹೊಲದ ನಾಲ್ಕೂ ಕಡೆ ಕಲ್ಲು ನೆಟ್ಟು ತಂತಿ ಎಳೆದಿದ್ದರು. ಒಳಗೆ ತೊಗರಿ ಹೂ ಬಿಟ್ಟು ನಿಂತಿತ್ತು. ಅಮೃತಬಾಯಿ ತಂತಿಯ ಹೊರಗೆ, ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದಳು. ಪೊಲೀಸರು ಟೇಪು ಹಿಡಿದು ಅಳೆಯುತ್ತಿರುವಾಗ ಅವಳು ನಿಧಾನವಾಗಿ ಹತ್ತಿರ ಬಂದಳು.

"ಆ ಕೆಂಪು ಚಿತ್ರ ಮಾಡಿದಾಕಿ ನೀನೇ ಏನವ್ವಾ?"

"ಹೌದ್ರೀ ಅವ್ವಾ."

ಅಮೃತಬಾಯಿ ಅವಳ ಕೈಗಳನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಭಾಳ ಚಂದ ಮಾಡಿದ್ದಿ," ಎಂದಳು. ಮತ್ತೆ ಹೋಗಿ ತಂತಿಯ ಪಕ್ಕ ಮೊದಲಿನ ಜಾಗದಲ್ಲೇ ನಿಂತಳು.