ಮಂಗಳವಾರದ ಹಂಡೆ ರಿಪೇರಿ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪಕ್ಕೀರಪ್ಪನ ಬಿಸಿನೀರಿನ ಮನೆ ಇತ್ತು. ಪರಸ್ಥಳದವರು ಮೈ ತೊಳೆದುಕೊಂಡು ಗುಡಿಗೋ ಪೇಟೆಗೋ ಹೋಗಲೆಂದು ಅವನ ಅಪ್ಪ ಕಟ್ಟಿಸಿದ್ದು. ತಗಡಿನ ಬಾಗಿಲಿನ ಆರು ಕೋಣೆ, ನಡುವೆ ಕಲ್ಲುಹಾಸಿನ ಪಡಸಾಲೆ, ಹಿಂದೆ ಶೇಂಗಾ ಹೊಟ್ಟಿನ ಬೆಂಕಿಯ ಮೇಲೆ ಕೂತ ದೊಡ್ಡ ತಾಮ್ರದ ಹಂಡೆ. ಸೋಮವಾರ ಬಸವೇಶ್ವರನ ಭಕ್ತರ ನೂಕುನುಗ್ಗಲು. ಮರುದಿನ ಮಧ್ಯಾಹ್ನ ಮಾತ್ರ ಬಾಗಿಲಿಗೆ ಒಂದು ಹಲಗೆ ತೂಗುತ್ತಿತ್ತು: 'ಹಂಡೆ ರಿಪೇರಿ. ನೀರಿಲ್ಲ.' ಹದಿನೈದು ವರ್ಷ ಪ್ರತಿ ಮಂಗಳವಾರ ಕೆಟ್ಟು, ಬುಧವಾರ ಬೆಳಿಗ್ಗೆ ತಾನಾಗಿಯೇ ನೆಟ್ಟಗಾಗುವ ಹಂಡೆ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಊರಿನ ತಾಮ್ರದ ಕೆಲಸದವರು ಯಾರೂ ಇದನ್ನು ಪ್ರಶ್ನಿಸಲಿಲ್ಲ. ತಮ್ಮನ್ನು ಬಿಟ್ಟು ಇನ್ನೊಬ್ಬನನ್ನು ಕರೆಸುತ್ತಾನೆಂದು ಒಬ್ಬರ ಮೇಲೊಬ್ಬರು ಮುನಿಸಿಕೊಂಡಿದ್ದರು, ಅಷ್ಟೆ.

ಹಲಗೆ ಓದಿ ಹಿಂತಿರುಗುವವರೇ ಹೆಚ್ಚು. ಹಲಗೆ ಕಂಡರೆ ಮಾತ್ರ ಒಳಗೆ ಬರುವವರು ಹತ್ತು ಹನ್ನೆರಡು ಜನ. ಎಲ್ಲರೂ ಸಂಸಾರವಂದಿಗರು, ಹಣೆಯ ಮೇಲೆ ವಿಭೂತಿಯೋ ಭಂಡಾರವೋ ಇದ್ದವರು, ನಾಲ್ಕು ಜನರಲ್ಲಿ ಗೌರವ ಉಳಿಸಿಕೊಂಡವರು. ಗಂಡಸಾಗಿ ಗಂಡಸಿನ ಮೇಲೆ ಮನಸ್ಸಾಗುವುದು ತನಗೊಬ್ಬನಿಗೇ ಬಂದ ರೋಗ ಎಂದುಕೊಂಡೇ ಪ್ರತಿಯೊಬ್ಬನೂ ಆ ಬಾಗಿಲು ತಳ್ಳಿದ್ದ. ಒಳಗೆ ಹೋದ ಮೇಲೆ ರೋಗಿಗಳ ಸಂಖ್ಯೆ ನೋಡಿ ಅರ್ಧ ಸಮಾಧಾನ ಅಲ್ಲೇ ಆಗುತ್ತಿತ್ತು.

ಹರಪನಹಳ್ಳಿಯ ಹುಣಸೆಹಣ್ಣಿನ ವ್ಯಾಪಾರಿ ಗುರುಸಂಗಪ್ಪ ಅವರಲ್ಲೊಬ್ಬ. ತೊಂಬತ್ತೊಂದರಲ್ಲಿ ಮೊದಲ ಸಲ ಬಂದಾಗ ಅವನಿಗೆ ಮೂವತ್ತೆಂಟು. ಹೆಂಡತಿ ಕಲ್ಯಾಣಮ್ಮ, ಒಬ್ಬಳೇ ಮಗಳು ಗಂಗಾಂಬಿಕಾ. ಕೂಡ್ಲಿಗಿ ಕಡೆಯ ಹಳ್ಳಿಗಳಲ್ಲಿ ಮರ ನೋಡಿ ಬರುತ್ತೇನೆಂದು ಮಂಗಳವಾರ ಮನೆ ಬಿಡುತ್ತಿದ್ದ. ಹುಣಸೆ ಮರ ವರ್ಷಕ್ಕೆ ಮೂರು ತಿಂಗಳು ಹಣ್ಣು ಕೊಟ್ಟರೆ, ಗುರುಸಂಗಪ್ಪ ಹನ್ನೆರಡು ತಿಂಗಳೂ ಮರ ನೋಡಿದ. ಇಷ್ಟು ಎಚ್ಚರದ ವ್ಯಾಪಾರಿ ಇಲ್ಲ ಎಂದು ಪೇಟೆಯವರು ಹೊಗಳಿದರು.

ಮಂಗಳವಾರದವರ ಕಟ್ಟಳೆ ಒಂದೇ. ಹೆಸರು ಕೇಳಬಾರದು, ಹೇಳಬಾರದು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿಸಬಾರದು. ಕರೆಯುವುದಕ್ಕೆ ಊರಿನ ಹೆಸರೊಂದು ಸಾಕು. ಗುರುಸಂಗಪ್ಪ ಹರಪನಹಳ್ಳಿ ಎನ್ನಲು ಹೆದರಿ ಪಕ್ಕದ ಅರಸೀಕೆರೆ ಎಂದುಬಿಟ್ಟ. ಅಂದಿನಿಂದ ಅವನು ಅರಸೀಕೆರೆ.

ಎರಡು ವರ್ಷದ ಮೇಲೆ ಹೊಳೆದಂಡೆಯ ಮಾಗಳ ತನ್ನೂರು ಎಂದವನೊಬ್ಬ ಬಂದ; ಅವನು ಮಾಗಳ. ಎತ್ತರದ ಆಳು, ಮಾತು ಕಡಿಮೆ. ಪಡಸಾಲೆಯ ಕಲ್ಲಿನ ಮೇಲೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ಗುರುಸಂಗಪ್ಪನ ಹಿಂದೆ ಬಂದು ನಿಂತು ಕೇಳಿದ:

"ಬೆನ್ನ ತಿಕ್ಕಲೇನ್ರಿ?"

"ತಿಕ್ಕರಿ. ಮೆಲ್ಲಕ ತಿಕ್ಕರಿ, ಎಮ್ಮಿ ಬೆನ್ನಲ್ಲ ಇದು."

"ಎಮ್ಮಿ ಆಗಿದ್ರ ಇಷ್ಟು ಮಾತಾಡ್ತಿರಲಿಲ್ಲ ಬಿಡ್ರಿ."

ಬೆನ್ನು ತಿಕ್ಕುವುದು ಅಲ್ಲಿ ಎಲ್ಲದಕ್ಕೂ ಪೀಠಿಕೆ. ಆಮೇಲೆ ತಗಡಿನ ಬಾಗಿಲು ಮುಚ್ಚುತ್ತಿತ್ತು. ಪಕ್ಕೀರಪ್ಪ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತು ಹೊಟ್ಟು ತಳ್ಳುತ್ತಿದ್ದ. ಮೊದಲ ವರ್ಷ ಇಬ್ಬರಿಗೂ ಆ ಬಾಗಿಲೇ ಮುಖ್ಯವಾಗಿತ್ತು. ನಾಲ್ಕೈದು ವರ್ಷ ಕಳೆದ ಮೇಲೆ ಬಾಗಿಲು ಮುಚ್ಚಿಕೊಂಡು ಸುಮ್ಮನೆ ಒಬ್ಬರ ಬೆನ್ನಿಗೊಬ್ಬರು ಬೆನ್ನು ಕೊಟ್ಟು ಕೂರುವುದೂ ಇತ್ತು. ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಮಾಗಳದ ಹೊಳೆ ಈ ಸಲ ಎಷ್ಟನೆಯ ಮೆಟ್ಟಿಲಿಗೆ ಬಂತು ಎಂಬ ಮಾತು. ಗುರುಸಂಗಪ್ಪನಿಗೆ ವಾರದ ಏಳು ದಿನದಲ್ಲಿ ಆರು ದಿನ ಬೇರೆ ಯಾರದೋ ಅಂಗಿ ತೊಟ್ಟ ಹಾಗಿರುತ್ತಿತ್ತು. ಅಂಗಿ ಬಿಚ್ಚುವ ದಿನ ಅದೊಂದೇ.

ಹೀಗೆ ಹನ್ನೊಂದು ವರ್ಷ. ಎರಡು ಸಾವಿರದ ನಾಲ್ಕರ ಶಿವರಾತ್ರಿಯಾದ ಮೇಲೆ ಮಾಗಳ ಬರಲಿಲ್ಲ. ಒಂದು ವಾರ, ಎರಡು ವಾರ. ಅದೇ ಹೊತ್ತಿಗೆ ಪಕ್ಕೀರಪ್ಪ ಹೇಳಿದ:

"ಯುಗಾದಿಗೆ ಬಾಗಲ ಹಾಕ್ತೀನ್ರಿ. ಅಣ್ಣ ತಮ್ಮರು ಜಾಗ ಮಾರ್ಯಾರ. ಇಲ್ಲಿ ಅಂಗಡಿ ಸಾಲು ಬರತೈತಿ. ಈಗ ಲಾಡ್ಜಿನಾಗ ಗುಂಡಿ ಒತ್ತಿದ್ರ ಬಿಸಿನೀರು. ನನ್ನ ಹಂಡೆ ಯಾರಿಗೆ ಬೇಕು?"

"ನೀ ಏನ ಮಾಡ್ತಿ?"

"ಬಸ್‌ಸ್ಟ್ಯಾಂಡ್ ಮುಂದ ಎಲಿ ಅಡಕಿ ಡಬ್ಬಿ ಇಟಗೊಂಡು ಕುಂದ್ರತೀನಿ."

ಯುಗಾದಿಗೆ ಎರಡು ಮಂಗಳವಾರ ಉಳಿದಿದ್ದವು. ಮನೆ ಮುಚ್ಚಿದರೆ ಆ ಮನುಷ್ಯ ಬದುಕಿದ್ದಾನೋ ಸತ್ತಿದ್ದಾನೋ ಎಂಬುದೂ ಗೊತ್ತಾಗುವುದಿಲ್ಲ. ಗುರುಸಂಗಪ್ಪ ಮೊದಲನೆಯ ಮಂಗಳವಾರ ಹಡಗಲಿಯ ಬಸ್ಸು ಹಿಡಿದು ಮಾಗಳಕ್ಕೆ ಹೋದ. ತಾನು ಹನ್ನೊಂದು ವರ್ಷ ಸುಳ್ಳು ಊರು ಹೇಳಿದ್ದರೂ ಎದುರಿನವನು ನಿಜವಾದ ಊರನ್ನೇ ಹೇಳಿದ್ದಾನೆಂದು ಅವನಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಕಲಬೆರಕೆ ಮಾಡುವ ವ್ಯಾಪಾರಿ ತನ್ನ ಮನೆಗೆ ಕೊಳ್ಳುವಾಗ ಪಕ್ಕದ ಅಂಗಡಿಯ ಮಾಲು ಚೊಕ್ಕ ಅಂತಲೇ ನಂಬುತ್ತಾನೆ.

ಮಾಗಳದಲ್ಲಿ ಹೊಳೆಯ ದಾರಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಜಂಬಮ್ಮ. ಊರಿನ ಬಾಣಂತಿಯರಿಗೆ, ಕೂಸುಗಳಿಗೆ ನೀರು ಹಾಕುವವಳು.

"ಯಾರ ಬೇಕಾಗಿತ್ತಪ್ಪಾ?"

"ಈ ಊರಾಗ ಒಬ್ಬರು ನಮ್ಮ ದೋಸ್ತರು ಅದಾರ, ಯಮ್ಮಾ."

"ಹೆಸರ?"

"ಹೆಸರ ಮರ್ತೀನಿ."

"ಮನಿತನ?"

"ಅದೂ ನೆನಪಿಲ್ಲ."

"ಎಷ್ಟು ವರ್ಷದ ದೋಸ್ತಿ?"

"ಹನ್ನೊಂದು."

ಮುದುಕಿ ಬಾಯಿಯ ಎಲೆ ಉಗುಳಿ ಸರಿಯಾಗಿ ಕೂತಳು. "ಮಾರಿ ಹ್ಯಾಂಗೈತಿ, ಅದನ್ನಾರ ಹೇಳು."

ಬಿಸಿನೀರಿನ ಮನೆಯೊಳಗೆ ಗುರುಸಂಗಪ್ಪ ಕನ್ನಡಕ ತೆಗೆದಿಡುತ್ತಿದ್ದ, ಮೇಲೆ ಹಬೆ ಬೇರೆ. ಮುಖ ಕಣ್ಣಿಗೆ ಕಟ್ಟಲಿಲ್ಲ. ಕಣ್ಣಿಗೆ ಕಟ್ಟಿದ್ದು ಬೇರೆ.

"ಎಡಗಡೆ ರೆಟ್ಟಿ ಹಿಂದ ಸುಟ್ಟ ಕಲಿ ಐತಿ, ಅಂಗೈಯಗಲ. ಸೊಂಟದ ಮ್ಯಾಲ ಎರಡು ಮಚ್ಚಿ, ಒತ್ತೊತ್ತಿಗೆ."

"ಹೆಸರ ಗೊತ್ತಿಲ್ಲ, ಮಾರಿ ಗೊತ್ತಿಲ್ಲ, ಸೊಂಟದ ಮಚ್ಚಿ ಗೊತ್ತೈತಿ. ಚಲೋ ದೋಸ್ತಿ ಬಿಡಪ್ಪ."

"ಹೊಳ್ಯಾಗ ಈಜುವಾಗ ನೋಡಿದ್ದೆ, ಯಮ್ಮಾ."

"ಹ್ಞೂಂ. ಹೊಳ್ಯಾಗ." ಅವಳು ಎರಡೂ ಕಾಲು ಮುಂದೆ ಚಾಚಿದಳು. "ಐವತ್ತು ವರ್ಷದಿಂದ ಈ ಊರಿನ ಕೂಸುಗಳಿಗೆ ಎರಿಯಾಕಿ ನಾನ. ಇಲ್ಲಿ ತಿರಗ್ಯಾಡೋ ಗಂಡಸರ ಬೆನ್ನೆಲ್ಲಾ ನನ್ನ ಕಾಲ ಮ್ಯಾಲ ಮಲಗಿದ್ದು. ಸುಟ್ಟ ಕಲಿ ಆಮ್ಯಾಲ ಆಗಿರಬೋದು. ಮಚ್ಚಿ ಹಂಗಲ್ಲ. ಆ ಬೆನ್ನು ನಮ್ಮೂರದಲ್ಲ, ತಮ್ಮಾ."

ಅವನು ಬಸ್ಸಿನ ದಾರಿಗೆ ತಿರುಗಿದ.

"ನೀರ ಕುಡದು ಹೋಗು. ಮಾರಿ ಬಾಡೈತಿ," ಎಂದು ತಂಬಿಗೆ ಮುಂದೆ ಸರಿಸಿದಳು.

ಮರುವಾರ, ಕೊನೆಯ ಮಂಗಳವಾರ, ಬಿಸಿನೀರಿನ ಮನೆಯಲ್ಲಿ ಮೂವರೇ ಇದ್ದರು. ಅವರೂ ಬೇಗ ಹೋದರು. ಗುರುಸಂಗಪ್ಪ ಸ್ನಾನ ಮಾಡದೆ, ಅಂಗಿಯನ್ನೂ ಬಿಚ್ಚದೆ ಒಲೆಯ ಹತ್ತಿರ ಹೋಗಿ ನಿಂತ.

"ಪಕ್ಕೀರಪ್ಪ, ಮಾಗಳದೋರು ಮಾಗಳದೋರಲ್ಲ."

"ಗೊತ್ತೈತ್ರಿ. ನೀವೂ ಅರಸೀಕೆರಿಯೋರಲ್ಲ."

"ಯಾರ ಹೇಳಿದ್ರು?"

"ಅವರ. ಹೋದ ತಿಂಗಳು ಒಂದು ಸೋಮವಾರ ಬಂದಿದ್ರು, ಆ ಗದ್ದಲದಾಗ. ಅರಸೀಕೆರಿ ಸಂತ್ಯಾಗ ಇಡೀ ದಿನ ಹುಡುಕೀನಿ, ಅಂಥ ಮನಷ್ಯಾ ಅಲ್ಲಿ ಇಲ್ಲಂತ, ಇನ್ನ ಮಂಗಳವಾರ ಬರಾಕ ಆಗೂದಿಲ್ಲ, ಅವರ ಹೆಸರೇನು ಹೇಳು ಅಂದ್ರು."

"ನೀ ಏನಂದಿ?"

"ನನಗ ಗೊತ್ತಿಲ್ಲ ಅಂದೆ. ಖರೇನೂ ಗೊತ್ತಿಲ್ಲಲ್ಲ."

ಗುರುಸಂಗಪ್ಪ ಕಲ್ಲಿನ ಮೇಲೆ ಕೂತುಬಿಟ್ಟ. "ಆಮ್ಯಾಲ ಎರಡು ಸಲ ಬಂದೀನಲ್ಲೋ. ಒಂದು ಮಾತು ಹೇಳಬಾರದಿತ್ತಾ?"

"ಸುದ್ದಿ ಮುಟ್ಟಸಬಾರದು ಅನ್ನೋದು ನಿಮ್ಮ ಕಟ್ಟಳಿ, ನನ್ನದಲ್ಲ. ಅದರಿಂದ ಹದಿನೈದು ವರ್ಷ ಯಾರ ಮನಿನೂ ಒಡೀಲಿಲ್ಲ. ಇವತ್ತು ಕೇಳಿದ್ರಿ, ಮುಂದಿನ ವಾರ ಬಾಗಲ ಇರೂದಿಲ್ಲ, ಅದಕ್ಕ ಹೇಳಿದೆ." ಹೊಟ್ಟು ತಳ್ಳುವ ಕೋಲನ್ನು ಗೋಡೆಗೆ ಒರಗಿಸಿದ. "ಯುಗಾದಿ ಆದಮ್ಯಾಲ ಇನ್ನೊಮ್ಮಿ ಬಂದು ಕೇಳ್ತೀನಿ ಅಂದಾರ. ನಾ ಬಸ್‌ಸ್ಟ್ಯಾಂಡ್ ಮುಂದ ಇರ್ತೀನಿ. ಏನ ಹೇಳಲಿ?"

ಮೇ ತಿಂಗಳಿಗೆ ಗಂಗಾಂಬಿಕಾಳ ಮದುವೆ ಗೊತ್ತಾಗಿತ್ತು. ಬೀಗರು ಕೊಟ್ಟೂರಿನವರೇ, ಇದೇ ಬಸ್‌ಸ್ಟ್ಯಾಂಡಿನ ಮುಂದೆ ದಿನಾ ಎಲೆ ಅಡಿಕೆ ಹಾಕುವವರು. ಪಕ್ಕೀರಪ್ಪನ ಬಾಯಿಂದ ಹೊರಟ ಹೆಸರು ಸಂಜೆಯೊಳಗೆ ಹರಪನಹಳ್ಳಿ ತಲುಪಬಹುದು. ಮಂಗಳವಾರ ಬಿಸಿನೀರಿನ ಮನೆಗೆ ಗಂಡಸರು ಯಾಕೆ ಹೋಗುತ್ತಿದ್ದರೆಂದು ಕೊಟ್ಟೂರಿನಲ್ಲಿ ಒಬ್ಬಿಬ್ಬರು ಊಹಿಸಿದ್ದರು, ಹೆಸರು ಮಾತ್ರ ಸಿಕ್ಕಿರಲಿಲ್ಲ. ಗುರುಸಂಗಪ್ಪ ಜೀವನದಲ್ಲಿ ಕೈ ಸುಟ್ಟುಕೊಳ್ಳುವ ವ್ಯಾಪಾರ ಮಾಡಿದವನಲ್ಲ. ಎರಡು ಸಲ ಎದ್ದು ಬಾಗಿಲವರೆಗೆ ಹೋದ. ಎರಡು ಸಲವೂ ತಿರುಗಿ ಬಂದ. ಎಚ್ಚರಿಕೆಯಿಂದ ಇದ್ದೂ ಇದ್ದೂ ಅವನಿಗೆ ಸಾಕಾಗಿತ್ತು. ಧೈರ್ಯಕ್ಕಿಂತ ಹೆಚ್ಚಾಗಿ ಆ ಸುಸ್ತೇ ಅವನ ಬಾಯಿ ಬಿಡಿಸಿತು.

"ಗುರುಸಂಗಪ್ಪ ಅನ್ನು. ಹರಪನಹಳ್ಳಿ, ಹುಣಸೆಹಣ್ಣಿನ ಅಂಗಡಿ. ಬ್ಯಾರೆ ಯಾರಿಗೂ ಹೇಳಬ್ಯಾಡ."

"ಕೇಳಿದೋರಿಗಷ್ಟ, ಅದೂ ಅವರಿಗಷ್ಟ," ಎಂದ ಪಕ್ಕೀರಪ್ಪ.

ಮಗಳ ಮದುವೆ ಮುಗಿಯಿತು. ಹಂದರದ ಕೆಳಗೆ ಬೀಗರು ಕೆಮ್ಮಿದರೂ ಗುರುಸಂಗಪ್ಪ ತಿರುಗಿ ನೋಡುತ್ತಿದ್ದ. ಏನೂ ಆಗಲಿಲ್ಲ. ಮಳೆಗಾಲ ಶುರುವಾದ ಮೇಲೆ ಒಂದು ದಿನ ಬೆಳಿಗ್ಗೆ ಎತ್ತರದ ಮನುಷ್ಯನೊಬ್ಬ ಕೊಡೆ ಮಡಚುತ್ತಾ ಅಂಗಡಿಯ ಮೆಟ್ಟಿಲೇರಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಗುರುಸಂಗಪ್ಪನಿಗೆ ಗುರುತು ಹತ್ತಲಿಲ್ಲ.

"ಬರ್ರಿ. ಯಾವ ಹಣ್ಣು ಬೇಕು? ಬೀಜ ತೆಗದದ್ದೋ, ಇದ್ದದ್ದೋ?"

"ಹಣ್ಣು ಬ್ಯಾಡ್ರಿ," ಎಂದಿತು ಮಾಗಳದ ಧ್ವನಿ. "ನಾನು ಮೈಲಾರಲಿಂಗಪ್ಪ. ಹಗರಿಬೊಮ್ಮನಹಳ್ಳ್ಯಾಗ ಮೋಟರ್ ರಿಪೇರಿ ಅಂಗಡಿ ಐತಿ."

ಗುರುಸಂಗಪ್ಪ ತಕ್ಕಡಿ ಒರೆಸತೊಡಗಿದ. "ಮತ್ತ ಮಾಗಳದ ಹೊಳಿ?"

"ನನ್ನ ಹೆಂಡ್ತಿ ತವರ ಮನಿ ಅದು." ಅವನು ಚೀಲದ ಮೇಲೆ ಕೂತ. "ಶಿವರಾತ್ರಿ ಮರುದಿನ ಆಕಿಗೆ ಲಕ್ವಾ ಹೊಡೀತು. ಎಡಗಡೆ ಪೂರಾ ಹೋಗೈತಿ. ಮಕ್ಕಳಿಲ್ಲ ನಮಗ. ಎಬ್ಬಸೂದು, ಉಣಸೂದು, ಎರಿಯೂದು, ಎಲ್ಲಾ ನಾನ. ಇವತ್ತು ಆಕಿ ತಂಗಿ ಬಂದಾಳ, ಮಧ್ಯಾಹ್ನತನ ಇರ್ತಾಳ. ಇನ್ನ ಬರಾಕ ಆಗೂದಿಲ್ಲ ಅಂತ ಹೇಳಿ ಹೋಗೂಣು ಅಂತ ಬಂದೆ. ಹೇಳದ ಬಿಟ್ಟಿದ್ರ ನೀವು ಬ್ಯಾರೆ ತಿಳಕೊಂತಿದ್ರಿ."

"ನೀವ ಸತ್ತೀರಿ ಅಂತ ಮೊದಲ ತಿಳಕೊಂಡಿದ್ದೆ."

"ಅದಕ್ಕೂ ಬಿಡುವಿಲ್ಲ ಬಿಡ್ರಿ."

ಇಬ್ಬರೂ ನಕ್ಕರು, ಬಹಳ ಅಲ್ಲ. ರಸ್ತೆಯ ಜನ ಒಳಗೆ ನೋಡುತ್ತಾ ಹೋಗುತ್ತಿದ್ದರು. ಕಲ್ಯಾಣಮ್ಮ ಹಿಂದಿನ ಮನೆಯಿಂದ ಎರಡು ಲೋಟ ಚಹಾ ತಂದಿಟ್ಟು ಹೋದಳು. ಚಹಾ ಆರುವವರೆಗೆ ಯಾರೂ ಮುಟ್ಟಲಿಲ್ಲ.

"ನಿಮ್ಮ ಬೆನ್ನು?" ಎಂದು ಗುರುಸಂಗಪ್ಪ ಕೊನೆಗೆ ಕೇಳಿದ.

"ಕೈ ಮುಟ್ಟಿದಷ್ಟು ತಿಕ್ಕೊಂತೀನಿ." ಮೈಲಾರಲಿಂಗಪ್ಪ ಚಹಾ ಒಂದೇ ಗುಟುಕಿಗೆ ಕುಡಿದು ಎದ್ದ. "ಹನ್ನೊಂದೂವರೆ ಬಸ್ಸಿಗೆ ಹೋಗಬೇಕು."

ಗುರುಸಂಗಪ್ಪ ಮೆಟ್ಟಿಲವರೆಗೆ ಬಂದ. ಬಟ್ಟೆ ತೊಟ್ಟ ಆ ಮನುಷ್ಯನನ್ನು ಹೇಗೆ ಮುಟ್ಟಬೇಕೆಂದು ತಿಳಿಯದೆ ಕೊಡೆಯ ತುದಿಗೆ ಅಂಟಿದ್ದ ಕೆಸರನ್ನು ಚಿಂದಿಯಿಂದ ಒರೆಸಿಕೊಟ್ಟ. ಮೈಲಾರಲಿಂಗಪ್ಪ ಕೊಡೆ ಬಿಚ್ಚಿಕೊಂಡು ಹಿಂತಿರುಗಿ ನೋಡದೆ ಹೋದ.

ಲೋಟ ಒಯ್ಯಲು ಬಂದ ಕಲ್ಯಾಣಮ್ಮ ಕೇಳಿದಳು, "ಯಾರ್ರೀ ಅವರು? ವ್ಯಾಪಾರದೋರಾ?"

"ಅಲ್ಲ. ಮೈಲಾರಲಿಂಗಪ್ಪ ಅಂತ, ಹಗರಿಬೊಮ್ಮನಹಳ್ಳಿ. ನನ್ನ ದೋಸ್ತರು."

"ದೋಸ್ತರಾದ್ರೆ ಊಟಕ್ಕೆ ನಿಲ್ಲಿಸ್ಬೇಕಿತ್ತಪ್ಪ, ಬರೀ ಚಾ ಕೊಟ್ಟು ಕಳಿಸೋದಾ? ಇಷ್ಟು ವರ್ಷ ನಿಮಗೊಬ್ಬರು ದೋಸ್ತರು ಇದಾರೆ ಅಂತ ನನಗೆ ಗೊತ್ತೇ ಇಲ್ಲ."

"ಅವರ ಮನೇಲಿ ಹುಷಾರಿಲ್ಲ."

ಅವಳು ಲೋಟ ಎತ್ತಿಕೊಂಡಳು. "ನಾಳೆ ಮಂಗಳವಾರ. ಮರ ನೋಡೋಕೆ ಹೋಗ್ತೀರಾ? ಬುತ್ತಿ ಕಟ್ಲಾ?"

"ಬೇಡ," ಎಂದ ಗುರುಸಂಗಪ್ಪ. "ಅಂಗಡೀಲೇ ಇರ್ತೀನಿ."